ಅತಿಭಾರಾರೋಪಣ: ವ್ರತದ ಮಿತಿ, ಕಾಯಿದೆಯ ಅಳತೆ

ಗೃಹಸ್ಥನು ಧರಿಸುವ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಿರೂಪಿಸಿರುವರು. ಪ್ರಾಣಿಯನ್ನು ಬಿಗಿದು ಕಟ್ಟುವುದು, ಹೊಡೆಯುವುದು, ಅದರ ಅಂಗವನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು ಇವೇ ಆ ಐದು. ವ್ರತವು ಸಂಪೂರ್ಣ ಭಂಗವಾದರೆ ಅದು ಅನಾಚಾರ. ವ್ರತವಿದ್ದೂ ಅದಕ್ಕೆ ಮಲಿನತೆ ತಗಲಿದರೆ ಅತಿಚಾರ. ಇವುಗಳಲ್ಲಿ ನಾಲ್ಕನೆಯದಾದ ಅತಿಭಾರಾರೋಪಣವನ್ನು ಇಲ್ಲಿ ವಿಚಾರಿಸೋಣ.

ನ್ಯಾಯವಾದ ಭಾರಕ್ಕಿಂತ ಹೆಚ್ಚು ಹೊರಿಸುವುದೇ ಈ ಅತಿಚಾರವೆಂದು ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿರುವರು. ಅಂದು ಎತ್ತು ಭಾರವನ್ನು ಹೊರುತ್ತಿತ್ತು. ಇಂದು ಲಾರಿಯಲ್ಲಿ ಎತ್ತೇ ಭಾರವಾಗಿದೆ. ಹೊರಿಸುವ ರೀತಿ ಬದಲಾದರೂ ಲೋಭವು ಬದಲಾಗಿಲ್ಲ. ಹಾಗಾದರೆ ಲಾರಿಯೊಳಗಿನ ನ್ಯಾಯವಾದ ಭಾರವು ಎಷ್ಟು?

ಈ ಪ್ರಶ್ನೆಗೆ ನಮ್ಮ ದೇಶದ ಕಾಯಿದೆಯು ಅಂಕೆಗಳಲ್ಲಿ ಉತ್ತರಿಸಿದೆ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಅನ್ವಯ 1978ರಲ್ಲಿ ರಚಿತವಾದ ಪ್ರಾಣಿ ಸಾಗಾಣಿಕೆ ನಿಯಮಗಳು ಒಂದು ಲಾರಿಗೆ ಆರಕ್ಕಿಂತ ಹೆಚ್ಚು ದನಗಳು ಸಲ್ಲವೆಂದು ವಿಧಿಸಿದವು. ಮುಂದೆ 2015ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, ಹಸು ಅಥವಾ ಎಮ್ಮೆ ಒಂದಕ್ಕೆ 2 ಚದರ ಮೀಟರ್, ಕುರಿ ಅಥವಾ ಆಡು ಒಂದಕ್ಕೆ 0.30 ಚದರ ಮೀಟರ್ ಸ್ಥಳವಿರಬೇಕೆಂದೂ, ನಡುವೆ ಶಾಶ್ವತವಾದ ವಿಭಾಗಗಳಿರಬೇಕೆಂದೂ ನಿಶ್ಚಯವಾಯಿತು. ಉದಾಹರಣೆಗೆ, 5.2 ಮೀಟರ್ ಉದ್ದ, 2.2 ಮೀಟರ್ ಅಗಲದ ತಳವುಳ್ಳ ಲಾರಿಯ ವಿಸ್ತೀರ್ಣವು 11.44 ಚದರ ಮೀಟರ್. ಅದರಲ್ಲಿ ಐದು ಹಸುಗಳು ನಿಲ್ಲಬಹುದು, ಆರನೆಯದಕ್ಕೆ ಸ್ಥಳವಿಲ್ಲ.

ಈ ಅಳತೆಗೆ ಕಾರಣವುಂಟು. ದನವು ಚಲಿಸುವ ವಾಹನದಲ್ಲಿ ಕಾಲುಗಳನ್ನು ಅಗಲಿಸಿ ಊರಿ ಸಮತೋಲವನ್ನು ಕಾಯ್ದುಕೊಳ್ಳುತ್ತದೆ. ಇಕ್ಕಟ್ಟಿನಲ್ಲಿ ಬಿದ್ದ ದನಕ್ಕೆ ಏಳಲು ಎಡೆಯಿಲ್ಲ. ಉಳಿದವು ಅದನ್ನು ತುಳಿಯುವುವು. ಮೈಬಿಸಿ ಹೊರಹೋಗದೆ ದಣಿವು, ನೀರಡಿಕೆಗಳು ಬೆಳೆಯುವುವು. ಅತಿಭಾರವು ಹೀಗೆ ಅನ್ನಪಾನನಿರೋಧವೆಂಬ ಐದನೆಯ ಅತಿಚಾರವನ್ನೂ ಜೊತೆಗೆ ತರುತ್ತದೆ.

ಆದರೆ ಅಳತೆಯು ಗ್ರಂಥದಲ್ಲಿದ್ದ ಮಾತ್ರಕ್ಕೆ ಜೀವರಕ್ಷಣೆಯಾಗದು. 1960ರ ಕಾಯಿದೆಯು ಮೊದಲ ಅಪರಾಧಕ್ಕೆ ವಿಧಿಸಿದ ದಂಡವು 10ರಿಂದ 50 ರೂಪಾಯಿ. ಹೆಚ್ಚಿಗೆ ತುಂಬಿದ ಒಂದು ದನದಿಂದ ಉಳಿಯುವ ಬಾಡಿಗೆಯು ಅದಕ್ಕಿಂತ ಬಹಳ ಹೆಚ್ಚು. ಆದುದರಿಂದ ನಿಯಮವು ಸಫಲವಾಗಬೇಕಾದರೆ ಎಣಿಕೆಯು ರಸ್ತೆಯಲ್ಲಲ್ಲ, ಹತ್ತಿಸುವ ಸ್ಥಳದಲ್ಲೇ ಆಗಬೇಕು. ಹೊಣೆಯು ಚಾಲಕನೊಬ್ಬನ ಮೇಲಲ್ಲದೆ ಕಳುಹಿಸಿದವನ ಮೇಲೂ ಬೀಳಬೇಕು. ದಂಡವು ಲಾಭವನ್ನು ಮೀರಬೇಕು. ಪಶುವೈದ್ಯರ ಪ್ರಮಾಣಪತ್ರವನ್ನೂ, ಕಳುಹಿಸುವವರ ಮತ್ತು ಪಡೆಯುವವರ ಹೆಸರು ಹಾಗೂ ದನಗಳ ಸಂಖ್ಯೆಯನ್ನು ತೋರಿಸುವ ಚೀಟಿಯನ್ನೂ 1978ರ ನಿಯಮಗಳು ಕೇಳಿರುವುದು ಈ ಉದ್ದೇಶದಿಂದಲೇ.

ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಿಂದಲೂ ಆಸ್ರವವಾಗುವುದೆಂದು ಬಲ್ಲ ನಾವು ಚಾಲಕನನ್ನು ದೂರಿ ಸುಮ್ಮನಿರಲಾಗದು. ಹೈನುಗಾರಿಕೆಗೆ ಹಸುಗಳನ್ನು ತರಿಸುವಾಗ ಅಥವಾ ಮುದಿಯಾದ ದನಗಳನ್ನು ಗೋಶಾಲೆಗೆ ಕಳುಹಿಸುವಾಗ, ಎರಡು ಲಾರಿಗಳ ಬಾಡಿಗೆಯನ್ನು ಉಳಿಸಲು ಒಂದರಲ್ಲೇ ತುಂಬಿಸಿದರೆ ಅದು ಕಾರಿತವೇ ಸರಿ. ದಯೆಯ ಉದ್ದೇಶವು ಆ ಅತಿಚಾರವನ್ನು ತೊಳೆಯದು.

ಪರ್ವದಿನಗಳಲ್ಲಿ ಉಪವಾಸ ಮಾಡುವ ಶ್ರಾವಕನು ಸ್ವೇಚ್ಛೆಯಿಂದ ಆಹಾರವನ್ನು ತ್ಯಜಿಸುವನು. ಲಾರಿಯಲ್ಲಿ ಹಸಿದು ನಿಂತ ಪಶುವಿಗೆ ಆ ಸ್ವೇಚ್ಛೆಯಿಲ್ಲ, ಪಾರಣೆಯ ಭರವಸೆಯೂ ಇಲ್ಲ. ಆದುದರಿಂದ ಧರ್ಮಬಂಧುಗಳು ಈ ದಶಲಕ್ಷಣ ಪರ್ವದಲ್ಲಿ ಉಪವಾಸದೊಡನೆ ಒಂದು ನಿಯಮವನ್ನೂ ಸ್ವೀಕರಿಸಲಿ: ಲಾರಿಯ ತಳವನ್ನು ಅಳೆಯದೆ, ತಲೆಗಳನ್ನು ಎಣಿಸದೆ, ನೀರು ಕುಡಿಸದೆ ಯಾವ ಪ್ರಾಣಿಯನ್ನೂ ಕಳುಹಿಸೆವು, ತರಿಸೆವು. ಸಂಜೆಯ ಪ್ರತಿಕ್ರಮಣದಲ್ಲಿ ಈ ಅತಿಚಾರವನ್ನೂ ಹೆಸರಿಸಿ ಆಲೋಚನೆ ಮಾಡಿಕೊಳ್ಳಲಿ.