ವಿದ್ಯಾಲಯದ ಕಟ್ಟಡವೂ ವಿದ್ಯಾರ್ಥಿಯ ಆರೋಗ್ಯವೂ

ಸಂಸ್ಕೃತದಲ್ಲಿ ಕಿಟಕಿಗೆ 'ವಾತಾಯನ' ಎಂಬ ಹೆಸರುಂಟು. 'ವಾತ'ವೆಂದರೆ ಗಾಳಿ, 'ಅಯನ'ವೆಂದರೆ ಮಾರ್ಗ. ಗಾಳಿಯು ಸಂಚರಿಸುವ ದಾರಿಯೇ ವಾತಾಯನ. ನಮ್ಮ 'ಬೆಳಕಿಂಡಿ'ಯಲ್ಲಿ ಬೆಳಕೂ ಕಿಂಡಿಯೂ ಒಂದಾಗಿವೆ. ಕಿಟಕಿಯ ಪ್ರಯೋಜನವೇನೆಂಬುದನ್ನು ಪದಗಳೇ ಹೀಗೆ ಸಾರುತ್ತಿದ್ದರೂ, ಇಂದಿನ ಅನೇಕ ವಿದ್ಯಾಲಯಗಳಲ್ಲಿ ಅದು ಗಾಜು ಹೊದಿಸಿದ ಬರಿಯ ಅಲಂಕಾರವಾಗಿ, ಒಳಗಿನ ಸೆಕೆಗೆ ಯಂತ್ರವೇ ಗತಿಯಾಗಿರುವುದು ಚಿಂತನೀಯ ವಿಷಯ. ಕಟ್ಟಡದ ಆರೋಗ್ಯವು ಕಟ್ಟಿ ಮುಗಿಸಿದ ಮೇಲೆ ಕೊಂಡುತರುವ ವಸ್ತುವಲ್ಲ. ನಕ್ಷೆ ಬರೆಯುವಾಗಲೇ ನಿರ್ಣಯವಾಗತಕ್ಕದ್ದು. ಈ ಮಾತನ್ನು ಒಂದು ನಿದರ್ಶನದ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಿರುವನಂತಪುರದ 'ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್' ಅರ್ಥಶಾಸ್ತ್ರದ ಉನ್ನತ ಅಧ್ಯಯನಕ್ಕೆ ಮೀಸಲಾದ ಸಂಸ್ಥೆ. ಕೆ. ಎನ್. ರಾಜ್ ಅವರ ನೇತೃತ್ವದಲ್ಲಿ, ಅಂದಿನ ಮುಖ್ಯಮಂತ್ರಿ ಸಿ. ಅಚ್ಯುತ ಮೇನನ್ ಅವರ ಪ್ರೋತ್ಸಾಹದಿಂದ ಸ್ಥಾಪಿತವಾದ ಈ ಸಂಸ್ಥೆಯ ಕಟ್ಟಡಗಳನ್ನು 1970ರ ದಶಕದಲ್ಲಿ ರೂಪಿಸಿದವರು ವಾಸ್ತುಶಿಲ್ಪಿ ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜನಿಸಿದ ಇವರು 1945ರಲ್ಲಿ ಭಾರತಕ್ಕೆ ಬಂದು, ಕುಷ್ಠರೋಗಿಗಳ ಸೇವಾಕಾರ್ಯದಲ್ಲಿ ತೊಡಗಿ, ಈ ದೇಶದ ಪ್ರಜೆಯೇ ಆಗಿ, 2007ರಲ್ಲಿ ಕಾಲವಶರಾದರು.

ಇಳಿಜಾರಿನ ನಿವೇಶನವನ್ನು ಸಮತಟ್ಟು ಮಾಡದೆ, ಅಲ್ಲಿನ ಮರಗಳನ್ನು ಉಳಿಸಿಕೊಂಡು, ನೆಲದ ಏರಿಳಿತವನ್ನು ಅನುಸರಿಸಿ ಬೇಕರರು ಕಟ್ಟಡಗಳನ್ನು ಹೊಂದಿಸಿದರು. ಗೋಡೆಗಳಿಗೆ ಗಿಲಾವಿಲ್ಲ, ಬಣ್ಣವಿಲ್ಲ. ಸುಟ್ಟ ಇಟ್ಟಿಗೆಯ ಸಹಜ ಕೆಂಪೇ ಅವುಗಳ ಶೋಭೆ. ಹಲವೆಡೆ ಕಿಟಕಿಗೆ ಬದಲಾಗಿ, ಇಟ್ಟಿಗೆಗಳ ನಡುವೆ ರಂಧ್ರಗಳನ್ನು ಬಿಟ್ಟು ಕಟ್ಟಿದ ಜಾಲಂಧ್ರಗಳುಂಟು. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ಕಲ್ಲಿನ ಜಾಲಂಧ್ರಗಳನ್ನು ಕಂಡವರಿಗೆ ಈ ತತ್ತ್ವ ಅಪರಿಚಿತವಲ್ಲ. ಬಿಸಿಲಿನ ತೀಕ್ಷ್ಣತೆ ತಗ್ಗುತ್ತದೆ, ಬೆಳಕು ಮೃದುವಾಗಿ ಒಳಬರುತ್ತದೆ, ಗಾಳಿ ಎಡೆಬಿಡದೆ ಆಡುತ್ತದೆ. ಅಂಗಳಗಳೂ ನೀರಿನ ಕೊಳಗಳೂ ಈ ವಾಯುಸಂಚಾರಕ್ಕೆ ನೆರವಾಗುವಂತೆ ಯೋಜಿತವಾಗಿವೆ.

ಬೇಕರರು ಪ್ರಚಾರಕ್ಕೆ ತಂದ ಎರಡು ವಿಧಾನಗಳು ಇಲ್ಲಿ ಸ್ಮರಣೀಯ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟುವುದು ಒಂದು. ಇದರಿಂದ ಇಟ್ಟಿಗೆಯಲ್ಲಿ ಸುಮಾರು ಕಾಲುಭಾಗ ಉಳಿತಾಯವಾಗುವುದಲ್ಲದೆ, ಒಳಗಿನ ಗಾಳಿಯ ಪದರವು ಹೊರಗಿನ ಕಾವನ್ನು ತಡೆಯುತ್ತದೆ. ಕಾಂಕ್ರೀಟ್ ಛಾವಣಿಯ ತಳಭಾಗದಲ್ಲಿ, ಭಾರ ಹೊರಲು ಅಗತ್ಯವಿಲ್ಲದೆಡೆ, ಮಂಗಳೂರು ಹೆಂಚುಗಳನ್ನು ತುಂಬುವುದು ಇನ್ನೊಂದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮದ ಫಲ ಹೀಗೆ ಹೊಸ ವಾಸ್ತುವಿಗೂ ಒದಗಿತು. ಸಿಮೆಂಟು, ಕಬ್ಬಿಣಗಳ ಬಳಕೆ ತಗ್ಗಿದಷ್ಟೂ ಖರ್ಚೂ ತಗ್ಗುತ್ತದೆ, ಅವುಗಳ ತಯಾರಿಕೆಗೆ ಸುಡುವ ಇಂಧನವೂ ಉಳಿಯುತ್ತದೆ.

ಗಾಳಿಗೂ ಕಲಿಕೆಗೂ ಇರುವ ಸಂಬಂಧವನ್ನು ಇತ್ತೀಚಿನ ಸಂಶೋಧನೆ ದೃಢಪಡಿಸಿದೆ. ಹೊರಗಿನ ಗಾಳಿಯ 10 ಲಕ್ಷ ಭಾಗಗಳಲ್ಲಿ ಇಂಗಾಲದ ಡೈ ಆಕ್ಸೈಡ್ ಸುಮಾರು 420 ಭಾಗ ಮಾತ್ರ. ಮಕ್ಕಳಿಂದ ತುಂಬಿದ, ಕಿಟಕಿ ಮುಚ್ಚಿದ ಕೊಠಡಿಯಲ್ಲಿ ಅವರ ಉಸಿರಿನಿಂದಲೇ ಅದು 1,000 ಭಾಗವನ್ನು ಸುಲಭವಾಗಿ ದಾಟುತ್ತದೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 24 ಮಂದಿ ಉದ್ಯೋಗಸ್ಥರ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶುದ್ಧವಾಯು ಹೆಚ್ಚಾಗಿ ಒದಗಿದ ದಿನಗಳಲ್ಲಿ ಅವರ ವಿವೇಚನಾಶಕ್ತಿಯ ಅಂಕಗಳು ಗಣನೀಯವಾಗಿ ಏರಿದುವು. ಪಾಠದ ವೇಳೆ ತೂಕಡಿಸುವ ವಿದ್ಯಾರ್ಥಿಯನ್ನು ಗದರಿಸುವ ಮುನ್ನ ಅಧ್ಯಾಪಕರು ಕಿಟಕಿಯತ್ತ ಒಮ್ಮೆ ನೋಡುವುದು ಉಚಿತ. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ, ಗಾಳಿಯಾಡದ ಕೊಠಡಿಯ ಅಪಾಯವನ್ನು ಜಗತ್ತೇ ಅರಿಯಿತು.

ಆದರೆ ಅಂಧಾನುಕರಣೆ ಸಲ್ಲದು. ತಿರುವನಂತಪುರದ್ದು ಕಡಲ ತೀರದ ತೇವದ ಹವೆ. ಅಲ್ಲಿ ಸದಾ ಗಾಳಿಯಾಡಬೇಕು. ನಮ್ಮ ಬಯಲುಸೀಮೆಯ ಒಣಬಿಸಿಲಿಗೆ ದೊಡ್ಡ ಜಾಲಂಧ್ರಗಳನ್ನು ತೆರೆದಿಟ್ಟರೆ ನಡುಹಗಲಿನ ಕಾವೂ ಧೂಳೂ ಒಳನುಗ್ಗುತ್ತವೆ. ಇಲ್ಲಿಯ ಹಿರಿಯರು ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ, ಮೇಲೆ ಬೆಳಕಿಂಡಿ, ಮುಂದೆ ನೆರಳಿನ ಪಡಸಾಲೆ ಇರಿಸಿದ್ದು ಇದನ್ನರಿತೇ. ಬಿಸಿಗಾಳಿ ಮೇಲೇರುವುದರಿಂದ ಛಾವಣಿಯ ಸಮೀಪದಲ್ಲಿ ಅದಕ್ಕೊಂದು ದಾರಿ ಬೇಕು. ಕಟ್ಟಡದ ಉದ್ದನೆಯ ಪಾರ್ಶ್ವಗಳು ಉತ್ತರ ದಕ್ಷಿಣಗಳಿಗೆ ಮುಖ ಮಾಡಿದರೆ, ಬೆಳಗು ಬೈಗುಗಳ ಓರೆಬಿಸಿಲು ತಪ್ಪುತ್ತದೆ. ಬೇಕರರಿಂದ ನಾವು ಕಲಿಯತಕ್ಕದ್ದು ಆಯಾ ನೆಲ, ಆಯಾ ಹವೆಗಳನ್ನು ಕೇಳಿ ಕಟ್ಟುವ ವಿವೇಕವನ್ನು, ಜಾಲಂಧ್ರದ ಆಕಾರವನ್ನಲ್ಲ.

ಕಾಯವನ್ನೇ ದೇಗುಲವೆಂದು ಬಗೆದ ಶರಣರ ಪರಂಪರೆಯಲ್ಲಿ ನಡೆಯುವ ವಿದ್ಯಾಸಂಸ್ಥೆಗೆ ಮಕ್ಕಳ ದೇಹಾರೋಗ್ಯ ಗೌಣವಾಗಲಾರದು. ಕೊಠಡಿ ಕಟ್ಟಿಸುವ ಮಹನೀಯರ ಧನವು ಮುಂಭಾಗದ ಅಮೃತಶಿಲೆಗೆ ವ್ಯಯವಾಗುವುದಕ್ಕಿಂತ ನೆರಳಿನ ಪಡಸಾಲೆಗೆ, ಎದುರುಬದುರು ಕಿಟಕಿಗಳಿಗೆ, ಅಂಗಳದ ಬೇವಿನ ಮರಕ್ಕೆ ಸಂದರೆ ಅದರ ಫಲ ತಲೆಮಾರುಗಳವರೆಗೆ ನಿಲ್ಲುತ್ತದೆ. ಗಾಳಿಯ ಮೇಲೆ ದಾನಿಯ ಹೆಸರನ್ನು ಕೆತ್ತಲಾಗದು. 'ದಾಸೋಹಂ' ಎಂಬ ನುಡಿಯಲ್ಲಿ 'ನಾನು ದಾಸ'ನೆಂಬ ವಿನಯವೇ ಅಡಗಿರುವಾಗ, ಹೆಸರು ಬೇಡದ ಆ ದಾನವೇ ದಾಸೋಹಕ್ಕೆ ಹೆಚ್ಚು ಹತ್ತಿರವಾದುದು. ಮುಂದೆ ಏಳುವ ನಮ್ಮ ವಿದ್ಯಾಮಂದಿರಗಳಲ್ಲಿ ವಾತಾಯನವು ಅನ್ವರ್ಥವಾಗಲೆಂದು ಹಾರೈಸುತ್ತೇನೆ.