ನೀರಿನ ವರದಿಗೆ ಸಹಿ ಹಾಕುವವರು ಯಾರು? ಒಂಬತ್ತನೇ ತರಗತಿಯಲ್ಲಿ ಎರಡು ಅವಧಿ

ಬೋಧನಾಭ್ಯಾಸದ ಮೂರನೇ ವಾರ ನೀರಿನ ಗಡಸುತನದ ಪಾಠ ನನ್ನ ಪಾಲಿಗೆ ಬಂತು. ಗಡಸು ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ ಎಂಬುದು ಬೋರ್‌ವೆಲ್ ನೀರು ಕುಡಿದು ಬೆಳೆದ ಮಕ್ಕಳಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಆದ್ದರಿಂದ ಪಾಠ ಯೋಜನೆಯಲ್ಲಿ ಮುಖ್ಯ ಉದ್ದೇಶವನ್ನು ಹೀಗೆ ಬರೆದುಕೊಂಡೆ: ‘ಒಂದು ಅಳತೆಯನ್ನು ನಂಬಲು ಏನು ಆಧಾರ ಬೇಕೆಂದು ವಿದ್ಯಾರ್ಥಿಗಳು ವಿವರಿಸುವರು.’

ಮೊದಲ ಅವಧಿಯಲ್ಲಿ ಆರು ಗುಂಪುಗಳಿಗೂ ಬೋರ್‌ವೆಲ್ ನೀರು ಕೊಡಲಿಲ್ಲ. 0.200 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟನ್ನು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ತಟಸ್ಥಗೊಳಿಸಿ, ಒಂದು ಲೀಟರ್ ಮಾಡಿದ ದ್ರಾವಣ ಕೊಟ್ಟೆ. ಅದರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಎಂಬುದು ನನಗೂ ಮಾರ್ಗದರ್ಶಕ ಶಿಕ್ಷಕರಿಗೂ ಮಾತ್ರ ಗೊತ್ತು. 50 ಮಿ.ಲೀ. ಮಾದರಿಗೆ ಬಫರ್ ಮತ್ತು ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕ, ಬ್ಯುರೆಟ್ಟಿನಲ್ಲಿ 0.01 ಮೋಲಾರ್ ಇಡಿಟಿಎ. ಕೆಂಪು ಪೂರ್ತಿ ಹೋಗಿ ನೀಲಿ ಬಂದಾಗ ನಿಲ್ಲಿಸಿ, ಖರ್ಚಾದ ಮಿಲಿಲೀಟರನ್ನು 20ರಿಂದ ಗುಣಿಸಬೇಕು. ನಿಜ ಮೌಲ್ಯಕ್ಕೆ ಶೇ. 5ರ ಒಳಗೆ ಬಂದ ಗುಂಪಿಗೆ ಮಾತ್ರ ಮರುದಿನದ ವರದಿಗೆ ಸಹಿ ಹಾಕುವ ಹಕ್ಕು ಎಂದು ಮೊದಲೇ ಹೇಳಿದ್ದೆ.

ಬರಬೇಕಾದದ್ದು 10.0 ಮಿ.ಲೀ. ನಾಲ್ಕು ಗುಂಪುಗಳಿಗೆ 10.1, 9.9, 10.0, 10.3 ಬಂತು. ಉಳಿದೆರಡಕ್ಕೆ 11.4 ಮತ್ತು 12.1. ಕೊನೆಗೆ ಹನಿಹನಿಯಾಗಿ ಬಿಡಬೇಕಾದ ಕಡೆ ಧಾರೆ ಬಿಟ್ಟಿದ್ದರು. ಸದಾ ಮೊದಲು ಕೈ ಎತ್ತುವ ಹುಡುಗ ಇದ್ದದ್ದು 12.1ರ ಗುಂಪಿನಲ್ಲಿ. ಅವನು ಬಿಡಲಿಲ್ಲ: “ಸಾರ್, ನಾಳೆ ಬೋರ್‌ವೆಲ್ ನೀರಿಗೆ ನಮ್ದೇ ಸರಿ ಬರಬಹುದಲ್ವಾ?” ಹಿಂದಿನ ಬೆಂಚಿನ ಹುಡುಗಿ ಹೇಳಿದಳು: “ಬರಬಹುದು ಕಣೋ. ಆದ್ರೆ ಸರಿ ಬಂತು ಅಂತ ಗೊತ್ತಾಗೋದು ಹೆಂಗೆ?” ನಾನು ಮುಕ್ಕಾಲು ಪುಟ ಬರೆದುಕೊಂಡಿದ್ದನ್ನು ಅವಳು ಒಂದು ಸಾಲಿನಲ್ಲಿ ಮುಗಿಸಿದಳು.

ಮರುದಿನ ನಾಲ್ಕು ಗುಂಪುಗಳು ಬೋರ್‌ವೆಲ್ ನೀರಿಗೆ ಪಡೆದ ಸರಾಸರಿ ಸುಮಾರು 345. ಐಎಸ್ 10500:2012ರಲ್ಲಿ ಸ್ವೀಕಾರಾರ್ಹ ಮಿತಿ 200. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ. ಹೀಗಾಗಿ ವರದಿಯಲ್ಲಿ ‘ಒಳ್ಳೆಯದು’ ಎಂದಾಗಲಿ ‘ಕೆಟ್ಟದ್ದು’ ಎಂದಾಗಲಿ ಬರೆಯಲಾಗದೆ ಮಕ್ಕಳು ಪೇಚಾಡಿದರು.

ನಿಜವಾದ ಪ್ರಯೋಗಾಲಯದ ವಿಷಯ ಆಗ ತೆಗೆದೆ. ಎನ್‌ಎಬಿಎಲ್ ಮಾನ್ಯತೆ ಕೊಡುವುದು ವ್ಯಕ್ತಿಗಲ್ಲ, ಪ್ರಯೋಗಾಲಯಕ್ಕೆ. ಐಎಸ್‌ಒ/ಐಇಸಿ 17025:2017ರಂತೆ, ಅದೂ ಪರೀಕ್ಷೆವಾರು. ಗಡಸುತನಕ್ಕೆ ಮಾನ್ಯತೆ ಇದ್ದ ಮಾತ್ರಕ್ಕೆ ಫ್ಲೋರೈಡಿಗೂ ಇದೆ ಎಂದಲ್ಲ. ಯಾವ ಪರೀಕ್ಷೆಗೆ ಯಾರು ಸಮರ್ಥರೆಂದು ನೋಡಿ ಅಧಿಕಾರ ಕೊಟ್ಟ ದಾಖಲೆ ಪ್ರಯೋಗಾಲಯದಲ್ಲಿರಬೇಕು. ಮೌಲ್ಯ ತಿಳಿಸದ ಮಾದರಿ ಕಳಿಸಿ ಉತ್ತರ ಹೋಲಿಸುವ ಪ್ರಾವೀಣ್ಯ ಪರೀಕ್ಷೆಯೂ ಉಂಟು. ನಮ್ಮ ಮೊದಲ ಅವಧಿ ಅದರದೇ ಮರಿ. 1974ರ ಜಲ ಮಾಲಿನ್ಯ ಕಾಯ್ದೆಯಡಿ ಸರ್ಕಾರಿ ವಿಶ್ಲೇಷಕರನ್ನು ಅಧಿಸೂಚನೆ ಹೊರಡಿಸಿ ನೇಮಿಸುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ವಾಟರ್ ಎನ್ವಿರಾನ್ಮೆಂಟ್ ಅಸೋಸಿಯೇಶನ್ ವಿಶ್ಲೇಷಕರಿಗೇ ನಾಲ್ಕು ಹಂತಗಳಲ್ಲಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ಇದು ನನಗೆ ಹೆಚ್ಚು ಹಿಡಿಸಿತು. ನಮ್ಮ ಆರೂ ಬ್ಯುರೆಟ್ಟುಗಳು ಒಂದೇ ಪೆಟ್ಟಿಗೆಯಿಂದ ಬಂದವು; ಬೇರೆಯಾಗಿದ್ದದ್ದು ಕೈ.

ಅಷ್ಟರಲ್ಲಿ ಒಬ್ಬಳು ಎದ್ದಳು. “ಸಾರ್, ನಮ್ಮಮ್ಮ ಊರಲ್ಲಿ ಕಿಟ್ ಹಿಡ್ಕೊಂಡು ನೀರು ಟೆಸ್ಟ್ ಮಾಡ್ತಾರೆ. ಹಂಗಾದ್ರೆ ಅವರು ಹೇಳಿದ್ದು ಲೆಕ್ಕಕ್ಕಿಲ್ವಾ?” ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡುವ ಕ್ರಮವಿದೆ. ಈ ಪ್ರಶ್ನೆ ನನ್ನ ಯೋಜನೆಯಲ್ಲಿರಲಿಲ್ಲ, ತರಗತಿ ಪೂರ್ತಿ ನನ್ನ ಮುಖ ನೋಡುತ್ತಿತ್ತು. ಕಿಟ್ ಮಾಡುವುದು ಜರಡಿ ಹಿಡಿಯುವ ಕೆಲಸ, ಅನುಮಾನ ಬಂದದ್ದನ್ನು ಪ್ರಯೋಗಾಲಯ ಖಚಿತಪಡಿಸುತ್ತದೆ, ಅಮ್ಮ ಹಿಡಿಯದಿದ್ದರೆ ಆ ನೀರು ಪ್ರಯೋಗಾಲಯಕ್ಕೆ ಹೋಗುವುದೇ ತಡ ಎಂದೆ. ಅವಳಿಗೆ ಅರ್ಧ ಸಮಾಧಾನ. “ಅಮ್ಮಂಗೂ ನೀವು ಕೊಟ್ಟಂಥ ನೀರು ಕೊಟ್ಟು ನೋಡಿದ್ರೆ?” ಎಂದಳು. ನನ್ನ ಉತ್ತರಕ್ಕಿಂತ ಅದೇ ಸರಿಯಾದ ಉತ್ತರ.

ಈ ಪಾಠ ಮಾಡುವವರಿಗೆ ಎರಡು ಮಾತು. ಬರೀ ಕ್ಯಾಲ್ಸಿಯಂ ಇರುವ ದ್ರಾವಣದಲ್ಲಿ ಅಂತ್ಯಬಿಂದು ಮಸುಕಾಗಿರುತ್ತದೆ. ಬಫರ್‌ಗೆ ಸ್ವಲ್ಪ ಮೆಗ್ನೀಸಿಯಂ-ಇಡಿಟಿಎ ಸೇರಿಸಿಕೊಳ್ಳಿ. ಬಫರ್‌ನಲ್ಲಿ ಅಮೋನಿಯ ಇರುವುದರಿಂದ ಕಿಟಕಿ ತೆರೆದಿಟ್ಟು, ಅದನ್ನು ಶಿಕ್ಷಕರೇ ಹಾಕಿಕೊಡುವುದು ಒಳ್ಳೆಯದು.