ಶ್ರವಣ ಸಾಧನ: ಸದ್ದಿನಿಂದ ಮಾತು ಹೆಕ್ಕುವ ತಂತ್ರ

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಯಂತ್ರ ಓಡುವಾಗ ‘ಸಾಲು’ ಎಂದರೆ ಕಿವಿ ಮಂದವಾದವರಿಗೆ ‘ಹಾಲು’ ಎಂದೋ ‘ಕಾಲು’ ಎಂದೋ ಕೇಳಿಸಬಹುದು. ಸ್ವರಗಳು ತಗ್ಗಿನ ಆವರ್ತನದವು, ಬಲವಾದವು. ಸ, ಶ, ತ ಮುಂತಾದ ವ್ಯಂಜನಗಳು ಎತ್ತರದ ಆವರ್ತನದವು, ದುರ್ಬಲ. ವಯಸ್ಸು ಮತ್ತು ಗದ್ದಲದಿಂದ ಮೊದಲು ಕುಗ್ಗುವುದು ಎತ್ತರದ ಆವರ್ತನಗಳ ಗ್ರಹಿಕೆಯೇ. ‘ಕೇಳುತ್ತದೆ, ತಿಳಿಯುವುದಿಲ್ಲ’ ಎಂಬ ದೂರಿನ ಮೂಲ ಇದು. ಗಟ್ಟಿಯಾಗಿ ಕೂಗಿದರೆ ಪ್ರಯೋಜನ ಕಡಿಮೆ.

ಡಿಜಿಟಲ್ ಶ್ರವಣ ಸಾಧನ ಧ್ವನಿಯನ್ನು ಆವರ್ತನವಾರು ಪಟ್ಟಿಗಳಾಗಿ ಒಡೆದು, ನಷ್ಟವಿರುವಲ್ಲಿ ಮಾತ್ರ ಹೆಚ್ಚು ವರ್ಧಿಸುತ್ತದೆ. ಮೆಲುದನಿಯನ್ನು ಹೆಚ್ಚು, ಜೋರು ದನಿಯನ್ನು ಕಡಿಮೆ ಏರಿಸುವುದಕ್ಕೆ ‘ಕಂಪ್ರೆಷನ್’ ಎನ್ನುತ್ತಾರೆ. ದಿಕ್ಕು ಗುರುತಿಸುವ ಜೋಡಿ ಮೈಕ್ರೊಫೋನ್ ಎದುರಿನ ಮಾತಿಗೆ ಆದ್ಯತೆ ಕೊಡುತ್ತದೆ. ಬಳ್ಳಾರಿ, ಕುರುಗೋಡಿನ ಸಂತೆಯಂಥ ಗದ್ದಲದಲ್ಲಿ ನಿಜಕ್ಕೂ ನೆರವಾಗುವುದು ಇದೇ. ಕಾಕ್ಲಿಯರ್ ಇಂಪ್ಲಾಂಟ್ ಬೇರೆ: ಅದು ವರ್ಧಿಸುವುದಿಲ್ಲ, ಎಲೆಕ್ಟ್ರೋಡುಗಳ ಮೂಲಕ ಶ್ರವಣ ನರವನ್ನೇ ಪ್ರಚೋದಿಸುತ್ತದೆ. ಇವೆರಡರ ವ್ಯತ್ಯಾಸವನ್ನು ಚೆನ್ನಾಗಿ ನೆನಪಿಡಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾದದ್ದು 1965ರಲ್ಲಿ. ಇದು ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದ ಅಧೀನದ್ದು.

ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಪ್ರಕಾರ ಎರಡೂ ಕಿವಿಗಳಲ್ಲಿ ಮಾತಿನ ಆವರ್ತನಗಳ ನಷ್ಟ 70 ಡೆಸಿಬೆಲ್ ಇದ್ದರೆ ‘ಕಿವುಡು’. 60ರಿಂದ 70 ಇದ್ದರೆ ‘ಶ್ರವಣ ಮಂದತೆ’. ಕಾಯ್ದೆ ಪಟ್ಟಿ ಮಾಡಿರುವ ವೈಕಲ್ಯಗಳು 21. ವಿಶ್ವ ಶ್ರವಣ ದಿನ: ಮಾರ್ಚ್ 3.